ಮನವಿ ಪತ್ರ ಕೊಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತದೆ?

ತಾರಿಹಾಳ ಟರ್ನರ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಬಹಳ ದಿನದಿಂದ ತಲೆ ಕೊರೆಯುತ್ತಿದೆ. ಗೊತ್ತಿದ್ದವರು ಹೇಳಿ.

ನವೆಂಬರ್ 26ರಂದು ನಾವು ಒಂದಿಷ್ಟು ಜನ ರಜೆ ಹಾಕಿ ಹೊಸ ಕಾರ್ಮಿಕ ಸಂಹಿತೆಗಳ (ಕೇಂದ್ರ ಸರ್ಕಾರದ ನಾಲ್ಕು ಕಾರ್ಮಿಕ ಕಾನೂನುಗಳ) ವಿರುದ್ಧ ಪ್ರತಿಭಟನೆಗೆ ಹೋಗಿದ್ದೆವು. 2025ರ ನವೆಂಬರ್ 21ರಂದು ಸಂಹಿತೆಗಳನ್ನು ಜಾರಿಗೆ ತಂದರು, ಐದೇ ದಿನಕ್ಕೆ ದೇಶದ ತುಂಬ ಪ್ರತಿಭಟನೆ ಆಯಿತು. ನಮ್ಮದು ಒಂದು ಸರ್ಕಾರಿ ಕಚೇರಿ ಮುಂದೆ. ಯಾವ ಕಚೇರಿ ಅಂತ ಬರೆಯುವುದಿಲ್ಲ. ಅಲ್ಲಿ ಕೂತವರ ಮೇಲೆ ನನಗೆ ಸಿಟ್ಟಿಲ್ಲ.

ಹಿಂದಿನ ದಿನವೇ ಠಾಣೆಗೆ ಹೋಗಿ ಮುಚ್ಚಳಿಕೆ ಬರೆದುಕೊಟ್ಟಿದ್ದೆವು. ರಸ್ತೆ ತಡೆಯುವುದಿಲ್ಲ, ಮೈಕ್ ಇಷ್ಟೇ ಹೊತ್ತು, ಟೈರ್ ಸುಡುವುದಿಲ್ಲ. ಎಲ್ಲ ಪಾಲಿಸಿದೆವು. 11ಕ್ಕೆ ಶುರು, 1ಕ್ಕೆ ಮುಗಿಯಿತು. ಒಬ್ಬ ಅಧಿಕಾರಿ ಮೆಟ್ಟಿಲು ಇಳಿದು ಬಂದರು. ನಮ್ಮ ಹಿರಿಯರೊಬ್ಬರು ಮನವಿ ಓದಿದರು. ಅಧಿಕಾರಿ ಎರಡೂ ಕೈಯಲ್ಲಿ ತೆಗೆದುಕೊಂಡರು. ಫೋಟೋ ಆಯಿತು. "ಮೇಲಿನವರಿಗೆ ಕಳಿಸ್ತೀವ್ರಿ" ಅಂದರು. ನಾವು ಬ್ಯಾನರ್ ಮಡಚಿಕೊಂಡು ಬಸ್ ಹತ್ತಿದೆವು.

ಮನೆಗೆ ಬಂದು ಹಳೇ ಫೈಲು ತೆಗೆದೆ. 2020ರ ನವೆಂಬರ್ 26. 2022ರ ಮಾರ್ಚ್ 28. 2025ರ ಜುಲೈ 9. ಈಗ ಇದು. ಸೀಲು ಹೊಡೆದ ನಾಲ್ಕು ಪ್ರತಿ. ನೇರಳೆ ಬಣ್ಣದ ಸೀಲು, ಅದರೊಳಗೆ "ಸ್ವೀಕರಿಸಿದೆ", ಕೆಳಗೆ ಒಂದು ಚಿಕ್ಕ ಸಹಿ. 2020ರದ್ದು ಮಾಸಿ ಹೋಗಿದೆ, ಓದಲು ಬರುವುದಿಲ್ಲ. ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಬೇಡಿಕೆ. ನಾಲ್ಕಕ್ಕೂ ಒಂದು ಸಾಲಿನ ಉತ್ತರ ಬಂದಿಲ್ಲ. ಒಪ್ಪುತ್ತೇವೆ ಅಂತಲೂ ಇಲ್ಲ, ಒಪ್ಪುವುದಿಲ್ಲ ಅಂತಲೂ ಇಲ್ಲ.

ನಮ್ಮ ಕಾರ್ಖಾನೆಯಲ್ಲಿ 140 ಜನ ಇದ್ದೇವೆ. ಮೊದಲು 100 ಜನ ಇದ್ದ ಕಾರ್ಖಾನೆ ಮುಚ್ಚಬೇಕಾದರೆ, ಜನರನ್ನು ತೆಗೆಯಬೇಕಾದರೆ ಸರ್ಕಾರದ ಅನುಮತಿ ಬೇಕಿತ್ತು. ಈಗ ಆ ಸಂಖ್ಯೆ 300 ಆಗಿದೆ. ಅಂದರೆ ನಮ್ಮ 140 ಜನ ಲೆಕ್ಕದ ಹೊರಗೆ. ಇದು ಸರಿಯೋ ತಪ್ಪೋ ಆಮೇಲಿನ ಮಾತು. "ನಿಮಗೆ ಯಾಕೆ ಇದು ಬೇಡ?" ಅಂತ ಯಾರಾದರೂ ಒಮ್ಮೆ ನಮ್ಮನ್ನು ಕೂರಿಸಿಕೊಂಡು ಕೇಳಬೇಕಿತ್ತು ಅಲ್ವಾ?

ಆ ಕಾಗದ ಎಲ್ಲಿಗೆ ಹೋಗುತ್ತದೆ ಹೇಳಿ.

ಗಾಮನಗಟ್ಟಿ ಸಣ್ಣ ಉದ್ಯಮಿ

ನಾನು 35 ಜನಕ್ಕೆ ಕೆಲಸ ಕೊಟ್ಟಿದ್ದೇನೆ. ನನ್ನ ಕಡೆಯ ಮಾತೂ ಕೇಳಿ, ಸಿಟ್ಟಾಗಬೇಡಿ.

ಈ ಸಂಹಿತೆಗಳಲ್ಲಿ ಎಲ್ಲ ಕೆಟ್ಟದ್ದೇ ಇಲ್ಲ. 29 ಕಾನೂನು ಸೇರಿಸಿ ನಾಲ್ಕು ಮಾಡಿದ್ದಾರೆ. ನನ್ನಂಥವನಿಗೆ 29 ಕಾನೂನಿನ ರಿಜಿಸ್ಟರ್ ಇಡುವುದು ಆಗುವ ಕೆಲಸ ಆಗಿರಲಿಲ್ಲ. ಎಲ್ಲರಿಗೂ ನೇಮಕಾತಿ ಪತ್ರ ಕೊಡಬೇಕು ಅಂತಿದೆ. ನಿಗದಿತ ಅವಧಿಗೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ. ಮೊದಲು ಐದು ವರ್ಷ ಆಗಬೇಕಿತ್ತು. ಇದು ಕಾರ್ಮಿಕರಿಗೇ ಲಾಭ.

ಬಂದ್, ಮುಷ್ಕರ ಅಂದರೆ ನನಗೆ ಭಯ. ಒಂದು ದಿನ ಮಷಿನ್ ನಿಂತರೆ ಆರ್ಡರ್ ಪುಣೆಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಸರ್ಕಾರ ಪ್ರತಿ ಪ್ರತಿಭಟನೆಗೂ ಬಗ್ಗಿದರೆ ಯಾವ ಸುಧಾರಣೆಯೂ ಆಗುವುದಿಲ್ಲ.

ತಾರಿಹಾಳ ಟರ್ನರ್, ಹುಬ್ಬಳ್ಳಿ

ಸರ್, ನೇಮಕಾತಿ ಪತ್ರದ ಮಾತು ಒಪ್ಪುತ್ತೇನೆ. ನನಗೇ ಮೊದಲ ಆರು ವರ್ಷ ಪತ್ರ ಇರಲಿಲ್ಲ. ಬಗ್ಗಬೇಕು ಅಂತ ನಾನು ಹೇಳಿಲ್ಲ. ಉತ್ತರ ಕೊಡಬೇಕು ಅಂದೆ. ಎರಡೂ ಬೇರೆ.

ಆವಕ ಜಾವಕ, ಗದಗ

ನಾನು ಕಂದಾಯ ಇಲಾಖೆಯಲ್ಲಿ 31 ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಟರ್ನರ್ ತಮ್ಮಾ, ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ. ಹೇಳಲು ನೋವಾಗುತ್ತದೆ, ಆದರೂ ಹೇಳುತ್ತೇನೆ.

ನೀವು ಕೊಟ್ಟ ಮನವಿ ಮೊದಲು ಟಪಾಲು ಶಾಖೆಗೆ ಬರುತ್ತದೆ. ಆವಕ ಪುಸ್ತಕದಲ್ಲಿ, ಅಂದರೆ ಬಂದ ಪತ್ರಗಳ ಪುಸ್ತಕದಲ್ಲಿ, ಒಂದು ನಂಬರ್ ಬೀಳುತ್ತದೆ. ಆಮೇಲೆ ವಿಷಯ ನಿರ್ವಾಹಕರ ಮೇಜಿಗೆ. ಅವರು ಒಂದು ಪತ್ರ ತಯಾರು ಮಾಡುತ್ತಾರೆ. ಅದರ ಒಕ್ಕಣೆ ನನಗೆ ಈಗಲೂ ಬಾಯಿಪಾಠ: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸ್ವೀಕೃತವಾದ ಮನವಿಯನ್ನು ಇದರೊಂದಿಗೆ ಲಗತ್ತಿಸಿ ಮುಂದಿನ ಸೂಕ್ತ ಕ್ರಮಕ್ಕಾಗಿ ಸಲ್ಲಿಸಲಾಗಿದೆ." ಸಾಹೇಬರ ಸಹಿ ಆಗುತ್ತದೆ. ಜಾವಕ ನಂಬರ್, ಅಂದರೆ ಹೊರಗೆ ಹೋಗುವ ಪತ್ರದ ನಂಬರ್, ಬೀಳುತ್ತದೆ. ಲಕೋಟೆ ಹೋಗುತ್ತದೆ.

ಲಕೋಟೆ ಹೋದ ದಿನ ನಮ್ಮ ಪುಸ್ತಕದಲ್ಲಿ ಆ ಮನವಿ "ವಿಲೇವಾರಿ". ತಿಂಗಳ ಕೊನೆಗೆ ಬಾಕಿ ಎಷ್ಟು ಅಂತ ಲೆಕ್ಕ ತೆಗೆದಾಗ ಅದು ಬಾಕಿಯಲ್ಲಿ ಇರುವುದಿಲ್ಲ. ನಮ್ಮ ಮಟ್ಟಿಗೆ ಕೆಲಸ ಮುಗಿದಿರುತ್ತದೆ. ಮೇಲಿನ ಕಚೇರಿಯಲ್ಲೂ ಹೀಗೇ. ಅವರು ಇಲಾಖೆಗೆ ಕಳಿಸಿದರೆ ಅಲ್ಲಿಗೆ ಅವರದ್ದೂ ವಿಲೇವಾರಿ. ಒಬ್ಬರೂ ತಪ್ಪು ಮಾಡಿರುವುದಿಲ್ಲ. ಒಬ್ಬರೂ ಓದಿರುವುದಿಲ್ಲ.

ಇನ್ನೊಂದು ಮಾತು. ಎಷ್ಟು ಜನ ಸೇರಿದ್ದರು, ಗಲಾಟೆ ಆಯಿತೇ, ಮುಂದಾಳು ಯಾರು, ಮತ್ತೆ ಯಾವಾಗ ಸೇರುತ್ತಾರೆ, ಇದೆಲ್ಲ ಅದೇ ಸಂಜೆ ಫೋನಿನಲ್ಲಿ ಮೇಲೆ ಹೋಗುತ್ತದೆ. ಏನು ಕೇಳಿದರು ಅನ್ನುವುದು ಮಾತ್ರ ಟಪಾಲಿನಲ್ಲಿ ಹೋಗುತ್ತದೆ. ನಾನೇ ಎಷ್ಟೋ ಸಲ ಫೋನ್ ಹಿಡಿದು ತಲೆ ಎಣಿಕೆ ಹೇಳಿದ್ದೇನೆ. "ಏನು ಬೇಡಿಕೆ ಇತ್ತು?" ಅಂತ ಆ ಕಡೆಯಿಂದ ಕೇಳಿದ ನೆನಪು ನನಗೆ ಒಂದೂ ಇಲ್ಲ.

ಕುಸುಗಲ್ ರೋಡ್ ಹುಡುಗ

ಕಾಕಾ, ಇದನ್ನು ಓದಿ ಹೊಟ್ಟೆ ಉರಿಯಿತು. ಹಾಗಾದರೆ ಸುಮ್ನೆ ಮನವಿ ಯಾಕೆ ಕೊಡಬೇಕು? ಚನ್ನಮ್ಮ ವೃತ್ತದಲ್ಲಿ ಎರಡು ದಿನ ಕೂತುಬಿಟ್ಟರೆ ತಾವೇ ಓಡಿ ಬರುತ್ತಾರೆ.

ಹಿರೇಕೆರೂರು ಅಕ್ಕ

ಕೂತರೆ ಬರುತ್ತಾರೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಹೇಗೆ ಬರುತ್ತಾರೆ ಅನ್ನುವುದನ್ನೂ ಕೇಳಿ.

2016ರಲ್ಲಿ ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ನಮ್ಮ ಕಡೆಯಿಂದ ಹೋದ ಹುಡುಗಿಯರು ಬಹಳ ಇದ್ದರು. ಆ ವರ್ಷ ಫೆಬ್ರವರಿಯಲ್ಲಿ ಪಿಎಫ್ ನಿಯಮ ಬದಲಾಯಿತು. ಮಾಲೀಕರು ಹಾಕಿದ ಪಾಲು 58 ವರ್ಷ ಆಗುವವರೆಗೆ ತೆಗೆಯಲು ಬರುವುದಿಲ್ಲ ಅಂತ. ನಮಗೆ ಪಿಎಫ್ ಅಂದರೆ ಮಗಳ ಮದುವೆ, ಊರಲ್ಲಿ ಮನೆಯ ಮೇಲ್ಚಾವಣಿ. 58ಕ್ಕೆ ನಾವು ಆ ಮಷಿನ್ ಮೇಲೆ ಇರುತ್ತೇವಾ? ನಲವತ್ತಕ್ಕೇ ಕಣ್ಣು, ಸೊಂಟ ಹೋಗಿರುತ್ತದೆ.

ಏಪ್ರಿಲ್ 18ರಂದು ಹೊಸೂರು ರಸ್ತೆಗೆ ಜನ ಇಳಿದರು. ಯಾರೂ ಕರೆದಿರಲಿಲ್ಲ. ಯೂನಿಯನ್ ಇಲ್ಲ, ಲೀಡರ್ ಇಲ್ಲ, ಮನವಿ ಪತ್ರ ಇಲ್ಲ. ಒಂದು ಫ್ಯಾಕ್ಟರಿಯಿಂದ ಇನ್ನೊಂದು ಫ್ಯಾಕ್ಟರಿಗೆ ಸುದ್ದಿ ಹಬ್ಬಿತು, ಹೆಂಗಸರೆಲ್ಲ ಹೊರಗೆ ಬಂದರು. ಎರಡು ದಿನ. ಲಾಠಿ ಬಿತ್ತು. ನನ್ನ ಪಕ್ಕದ ಲೈನಿನ ಹುಡುಗಿಗೆ ಮೊಣಕೈಗೆ ಬಿತ್ತು, ಮೂರು ತಿಂಗಳು ಕತ್ತರಿ ಹಿಡಿಯಲು ಆಗಲಿಲ್ಲ. ಸಂಜೆ ರಸ್ತೆ ತುಂಬ ಚಪ್ಪಲಿ ಬಿದ್ದಿದ್ದವು, ಟಿಫಿನ್ ಡಬ್ಬಿಗಳು ಬಿದ್ದಿದ್ದವು. ನಾನು ಬರಿಗಾಲಲ್ಲೇ ರೂಮಿಗೆ ಹೋದೆ.

ಏಪ್ರಿಲ್ 19ರಂದು ಕೇಂದ್ರ ಸರ್ಕಾರ ಆ ಆದೇಶ ವಾಪಸ್ ತೆಗೆದುಕೊಂಡಿತು.

ಅವತ್ತು ಖುಷಿ ಆಯಿತು. ಆಮೇಲೆ ಯೋಚನೆ ಬಂತು. ಎರಡು ದಿನದಲ್ಲಿ ವಾಪಸ್ ತೆಗೆಯಲು ಬರುತ್ತದೆ ಅಂದರೆ, ಅದನ್ನು ತರುವ ಮೊದಲೇ ನಮ್ಮನ್ನು ಕೇಳಬಹುದಿತ್ತು ಅಲ್ವಾ? ಆ ಹುಡುಗಿಯ ಮೊಣಕೈ ಉಳಿಯುತ್ತಿತ್ತು.

ತಾರಿಹಾಳ ಟರ್ನರ್, ಹುಬ್ಬಳ್ಳಿ

ಅಕ್ಕಾ, ನೀವು ಬರೆದದ್ದನ್ನು ಊಟದ ಹೊತ್ತಿನಲ್ಲಿ ನಮ್ಮ ಹುಡುಗರಿಗೆ ಓದಿ ಹೇಳಿದೆ. ಎಲ್ಲರೂ ಸುಮ್ಮನಾದರು. ಶಿಸ್ತಿನಿಂದ ಕೇಳಿದವರಿಗೆ ಸೀಲು ಸಿಗುತ್ತದೆ, ರಸ್ತೆಗಿಳಿದು ಪೆಟ್ಟು ತಿಂದವರಿಗೆ ಉತ್ತರ ಸಿಗುತ್ತದೆ. ಸರ್ಕಾರವೇ ಜನರಿಗೆ ಈ ಪಾಠ ಕಲಿಸುತ್ತಿದೆ. ನನಗೆ ಹೆದರಿಕೆ ಇರುವುದು ಇದರ ಬಗ್ಗೆಯೇ.

ನರಗುಂದದವ

ಕುಸುಗಲ್ ರೋಡ್ ತಮ್ಮಾ, ನೀನು ಬರೆದ ಎರಡು ದಿನ ಕೂರುವ ಮಾತಿಗೆ ನಮ್ಮ ಊರಿನ ಕಥೆ ಹೇಳಬೇಕು. ಕಾರ್ಮಿಕರದ್ದಲ್ಲ, ರೈತರದ್ದು. ಆದರೆ ಇದೇ ಮಾತು.

1980ರ ಹೊತ್ತಿಗೆ ಮಲಪ್ರಭಾ ನೀರಾವರಿ ಪ್ರದೇಶದ ರೈತರ ಮೇಲೆ ಬೆಟರ್‌ಮೆಂಟ್ ಲೆವಿ, ಅಂದರೆ ನೀರಾವರಿಯಿಂದ ಹೊಲದ ಬೆಲೆ ಏರಿತು ಅಂತ ಹಾಕುವ ಕರ, ಹಾಕಿದ್ದರು. ನೀರು ಸರಿಯಾಗಿ ಬಾರದ ಹೊಲಕ್ಕೂ ಕರ. ನಮ್ಮ ಅಜ್ಜನ ಹೊಲ ಕಾಲುವೆಯ ಬಾಲದಲ್ಲಿತ್ತು. ಅಜ್ಜ ಹೇಳುತ್ತಿದ್ದ, ಅರ್ಜಿ ಬರೆಯಲು ಮಾಸ್ತರ ಹತ್ತಿರ ಹೋಗಿ ಹೋಗಿ ಅವರಿಗೇ ಬೇಜಾರಾಗಿತ್ತು ಅಂತ. ಜುಲೈ 21ರಂದು ನರಗುಂದ, ನವಲಗುಂದ ಎರಡೂ ಕಡೆ ಜನ ಸೇರಿದರು. ಗೋಲಿಬಾರ್ ಆಯಿತು. ರೈತರು ಸತ್ತರು. ಪೊಲೀಸರೂ ಸತ್ತರು. ಅವರೂ ಯಾರದೋ ಮನೆಯ ಮಕ್ಕಳೇ. ಅಜ್ಜ ಇದನ್ನು ಹೇಳುವಾಗ ಎರಡೂ ಕಡೆಯವರ ಹೆಸರಲ್ಲಿ ಕಣ್ಣೀರು ಹಾಕುತ್ತಿದ್ದ.

ಆಮೇಲೆ ಏನಾಯಿತು? ಗುಂಡೂರಾವ್ ಸರ್ಕಾರ ರಿಯಾಯಿತಿ ಘೋಷಿಸಿತು. ಕೊಡಲು ಬರುತ್ತಿತ್ತು, ಮೊದಲೇ ಕೊಡಬಹುದಿತ್ತು. 1983ರಲ್ಲಿ ಆ ಸರ್ಕಾರವೇ ಹೋಯಿತು, ರಾಜ್ಯಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ರೈತ ಸಂಘ ಹುಟ್ಟಿದ್ದೂ ಆ ಬಂಡಾಯದ ಬೆನ್ನಿಗೇ. ಈಗ ಪ್ರತಿ ಜುಲೈ 21ಕ್ಕೆ ಎಲ್ಲ ಪಕ್ಷದವರೂ ಹುತಾತ್ಮರ ಸ್ಮಾರಕಕ್ಕೆ ಹಾರ ಹಾಕಲು ಬರುತ್ತಾರೆ.

2016ರಲ್ಲಿ ಮತ್ತೆ ಅದೇ. ಮಹದಾಯಿ ನದಿ ನೀರಿನ ನ್ಯಾಯಮಂಡಳಿ, ನೀರು ಕೇಳಿ ನಮ್ಮ ರಾಜ್ಯ ಹಾಕಿದ್ದ ಮಧ್ಯಂತರ ಅರ್ಜಿಯನ್ನು ಜುಲೈ 27ರಂದು ತಳ್ಳಿಹಾಕಿತು. ಜನ ಸಿಟ್ಟಿಗೆದ್ದರು, ಗಲಾಟೆ ಆಯಿತು. ಆಮೇಲೆ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಮನೆಗೆ ನುಗ್ಗಿ ಹೆಂಗಸರು, ಮುದುಕರು ಅಂತ ನೋಡದೆ ಹೊಡೆದರು. ಟಿವಿಯಲ್ಲಿ ರಾಜ್ಯವೇ ನೋಡಿತು. ಎರಡು ಸಲವೂ ಬೇರೆ ಮುಖ್ಯಮಂತ್ರಿ, ಬೇರೆ ಕಾಲ. ನಡೆದುಕೊಂಡ ರೀತಿ ಒಂದೇ.

ಹಾಗಾಗಿ ತಮ್ಮಾ, ಕೂರುವುದು ಸುಲಭ. ಎದ್ದು ಎಲ್ಲರೂ ಮನೆಗೆ ಹೋಗುತ್ತೇವೆ ಅನ್ನುವ ಗ್ಯಾರಂಟಿ ಇಲ್ಲ.

ಕುಸುಗಲ್ ರೋಡ್ ಹುಡುಗ

ಅಣ್ಣಾ, ಯಮನೂರಿನ ವಿಡಿಯೋ ನನಗೂ ನೆನಪಿದೆ. ನಾನು ಶಾಲೆಯಲ್ಲಿದ್ದೆ. ಮಾತು ವಾಪಸ್ ತೆಗೆದುಕೊಂಡೆ. ಆದರೆ ದಾರಿ ಏನು ಅಂತಲೂ ಹೇಳಿ.

ಹಾವೇರಿ ವಕೀಲೆ

ದಾರಿ ಹೇಳುವ ಮೊದಲು ಇರುವ ದಾರಿಗಳು ಹೇಗೆ ಸಣ್ಣದಾಗುತ್ತಿವೆ ಅನ್ನುವುದನ್ನು ಹೇಳಿಬಿಡುತ್ತೇನೆ. ಕೈಗಾರಿಕಾ ಸಂಬಂಧಗಳ ಸಂಹಿತೆ ಪ್ರಕಾರ ಈಗ ಯಾವ ಕೈಗಾರಿಕೆಯಲ್ಲೇ ಆಗಲಿ, ನೋಟಿಸ್ ಕೊಟ್ಟು 14 ದಿನ ಆಗುವ ಮೊದಲು ಮುಷ್ಕರ ಮಾಡುವಂತಿಲ್ಲ. ಮೊದಲು ಈ ನೋಟಿಸಿನ ನಿಯಮ ನೀರು, ಕರೆಂಟು, ಸಾರಿಗೆಯಂಥ ಸಾರ್ವಜನಿಕ ಸೇವೆಗಳಿಗೆ ಮಾತ್ರ ಇತ್ತು. ರಾಜಿ ಸಂಧಾನ ನಡೆಯುವಾಗ ಮುಷ್ಕರ ಇಲ್ಲ, ಮುಗಿದ ಮೇಲೆ ಏಳು ದಿನವೂ ಇಲ್ಲ. ಅರ್ಧದಷ್ಟು ಅಥವಾ ಅದಕ್ಕಿಂತ ಜಾಸ್ತಿ ಜನ ಸೇರಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಮುಷ್ಕರವೇ. ಟರ್ನರ್ ಅಣ್ಣಾ, ನೀವು 26ಕ್ಕೆ ರಜೆ ಹಾಕಿ ಹೋದದ್ದು ಎಷ್ಟು ಜನ ಅಂತ ಒಮ್ಮೆ ಲೆಕ್ಕ ಇಟ್ಟುಕೊಳ್ಳಿ.

ಕಾನೂನುಬಾಹಿರ ಮುಷ್ಕರಕ್ಕೆ ಕಾರ್ಮಿಕನಿಗೆ 1,000ದಿಂದ 10,000 ರೂಪಾಯಿವರೆಗೆ ದಂಡ, ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಇನ್ನೊಂದರದ್ದು. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಒಂದೇ ಮೇಜಿಗೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನ ಅಂತ ಒಂದು ಇದೆ. ಸ್ವಾತಂತ್ರ್ಯಕ್ಕೂ ಹಿಂದಿನಿಂದ ಬಂದದ್ದು. ಅದರ 46ನೇ ಸಭೆ 2015ರ ಜುಲೈನಲ್ಲಿ ಆಯಿತು. ಆಮೇಲೆ ಸಭೆಯೇ ಇಲ್ಲ. ವೇತನ ಸಂಹಿತೆ 2019ರಲ್ಲಿ, ಉಳಿದ ಮೂರು 2020ರ ಸೆಪ್ಟೆಂಬರ್‌ನಲ್ಲಿ ಪಾಸಾದವು. ಆ ಮೂರು ಪಾಸಾದಾಗ ವಿರೋಧ ಪಕ್ಷಗಳು ಸದನದಲ್ಲೇ ಇರಲಿಲ್ಲ, ಬಹಿಷ್ಕಾರ ಹಾಕಿದ್ದವು. ಮಾತಾಡುವ ಕೋಣೆಗೆ ಬೀಗ ಹಾಕಿದರೆ ಜನ ಬೀದಿಯಲ್ಲೇ ಮಾತಾಡಬೇಕಾಗುತ್ತದೆ.

ಇದು ದೆಹಲಿಯದ್ದಷ್ಟೇ ಅಂತ ನಾವು ಕೂರುವ ಹಾಗಿಲ್ಲ. ನಮ್ಮ ರಾಜ್ಯದ್ದೂ ನೋಡಿ. 2020ರ ಮೇ ತಿಂಗಳಲ್ಲಿ, ಕೊರೊನಾ ಹೊತ್ತಿನಲ್ಲಿ, ಕಾರ್ಖಾನೆಗಳಿಗೆ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ಅಂತ ಆದೇಶ ಬಂತು. ಹೈಕೋರ್ಟಿಗೆ ಹೋದ ಮೇಲೆ ಜೂನ್‌ನಲ್ಲಿ ವಾಪಸಾಯಿತು. 2023ರ ಫೆಬ್ರವರಿಯಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿದರು. ವಾರದ ಮಿತಿ 48 ಗಂಟೆ ಹಾಗೇ ಇದೆ, ನಿಜ. ಆದರೆ ಚರ್ಚೆ ಎಷ್ಟಾಯಿತು? ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು, ತಿದ್ದುಪಡಿ ಅಲ್ಲೇ ಉಳಿಯಿತು. 2025ರ ಜೂನ್‌ನಲ್ಲಿ ಹೊಸ ಸರ್ಕಾರವೂ ಅಂಗಡಿ, ಕಚೇರಿಗಳಿಗೆ ದಿನಕ್ಕೆ 10 ಗಂಟೆಯ ಪ್ರಸ್ತಾಪ ಮುಂದಿಟ್ಟಿತು.

ಪಕ್ಕದ ತಮಿಳುನಾಡಿನಲ್ಲಿ 2023ರ ಏಪ್ರಿಲ್ 21ರಂದು ಇಂಥದ್ದೇ 12 ಗಂಟೆಯ ಮಸೂದೆ ಪಾಸಾಯಿತು. ಮೂರೇ ದಿನಕ್ಕೆ ಸಂಘಟನೆಗಳ ಜೊತೆ ಸಚಿವರು ಕೂತರು, ಮಸೂದೆ ತಡೆಹಿಡಿದರು. ಮೇ 1ರಂದು ವಾಪಸ್ ಅಂತ ಮುಖ್ಯಮಂತ್ರಿಯೇ ಹೇಳಿದರು. ಒಂದು ತಲೆಯೂ ಒಡೆಯಲಿಲ್ಲ.

ಡಿಪೋ ಮನೆಯಾಕೆ

ನಮ್ಮ ಮನೆಯವರು ಬಸ್ ಕಂಡಕ್ಟರ್. ಯಾವ ಡಿಪೋ ಅಂತ ಬೇಡ. 2021ರ ಏಪ್ರಿಲ್ 7ರಿಂದ ಸಾರಿಗೆ ಮುಷ್ಕರ ಆಯಿತಲ್ಲ, 15 ದಿನ. ಆರನೇ ವೇತನ ಆಯೋಗದ ಸಂಬಳ ಕೊಡಿ ಅಂತ. ಖಾಸಗಿ ಬಸ್ ಬಿಟ್ಟರು, ವರ್ಗಾವಣೆ ಮಾಡಿದರು, ವಜಾ ಮಾಡಿದರು. ಯುಗಾದಿ 13ಕ್ಕೆ ಬಂತು, ಮಾರ್ಚ್ ಸಂಬಳ ಬಂದಿರಲಿಲ್ಲ. ಹಬ್ಬದ ಹಿಂದಿನ ದಿನ ನಾವು ಹೆಂಗಸರು, ಮಕ್ಕಳು ತಟ್ಟೆ ಲೋಟ ಹಿಡಿದು ಬೀದಿಗೆ ಹೋಗಿ ಬಡಿದೆವು. ನನ್ನ ಮಗನಿಗೆ ಆಗ ಆರು ವರ್ಷ. ಅವನಿಗೆ ಅದು ಆಟ. ಬಡಿದು ಬಡಿದು ಲೋಟದ ಅಂಚು ಬಗ್ಗಿಸಿಬಿಟ್ಟ. ಆ ಲೋಟ ಇನ್ನೂ ಇದೆ, ನೀರು ಕುಡಿಯುವಾಗ ತುಟಿಗೆ ತಾಕುತ್ತದೆ.

ಕೊನೆಗೆ ಹೈಕೋರ್ಟ್ ಹೇಳಿದ ಮೇಲೆ ಮುಷ್ಕರ ನಿಂತಿತು. 2025ರ ಆಗಸ್ಟ್ 5ರಂದು ಮತ್ತೆ ಮುಷ್ಕರ. 38 ತಿಂಗಳ ವೇತನ ಬಾಕಿ ಕೊಡಿ ಅಂತ. ಮತ್ತೆ ಕೋರ್ಟು, ಒಂದೇ ದಿನಕ್ಕೆ ನಿಂತಿತು. ಪ್ರಯಾಣಿಕರಿಗೆ ತೊಂದರೆ ಆಗುತ್ತದೆ, ನನಗೂ ಗೊತ್ತು. ನಾನೂ ಅವತ್ತು ಆಸ್ಪತ್ರೆಗೆ ಆಟೋಗೆ ದುಡ್ಡು ಕೊಟ್ಟೇ ಹೋದೆ. ಆದರೆ ಮಾತುಕತೆ ಮುಷ್ಕರದ ಹಿಂದಿನ ರಾತ್ರಿಯೇ ಯಾಕೆ ಶುರುವಾಗಬೇಕು?

ರಾಣೆಬೆನ್ನೂರು ಟೀಚರ್

ಅಂಗನವಾಡಿಯವರದ್ದೂ ಇದೇ ಕಥೆ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ರಸ್ತೆಯಲ್ಲಿ ನಾಲ್ಕು ದಿನ ಮಲಗಿದ್ದೆವು. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು, ಅದರ ಮೇಲೇ ದಿನ ತೆಗೆದೆವು. ಗೌರವಧನ ಹೆಚ್ಚಾಯಿತು. ಊರಲ್ಲಿ ಕೊಟ್ಟ ಮನವಿಗಳಿಂದ ಆಗಲಿಲ್ಲ.

ಗಾಮನಗಟ್ಟಿ ಸಣ್ಣ ಉದ್ಯಮಿ

ಎಲ್ಲ ಓದಿದೆ. ಬಂದ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. 300ರ ಮಿತಿಯೂ ಸರಿ ಅಂತಲೇ ನಂಬಿದ್ದೇನೆ. ಮುಚ್ಚಲು ಬಿಡುವುದಿಲ್ಲ ಅಂದರೆ ತೆರೆಯಲು ಜನ ಹೆದರುತ್ತಾರೆ.

ಆದರೆ ಗದಗಿನ ಹಿರಿಯರು ಬರೆದ "ವಿಲೇವಾರಿ" ಮಾತು ಮನಸ್ಸಿಗೆ ತಾಗಿತು. ನಾವು ಸಣ್ಣ ಉದ್ಯಮಿಗಳೂ ರಸ್ತೆ, ಕರೆಂಟು ಅಂತ ಎಷ್ಟೋ ಮನವಿ ಕೊಟ್ಟಿದ್ದೇವೆ. ಮಳೆಗಾಲದಲ್ಲಿ ನಮ್ಮ ಗೇಟಿನ ಮುಂದೆ ಲಾರಿ ಹುಗಿಯುತ್ತದೆ. ನನ್ನ ಡ್ರಾಯರ್‌ನಲ್ಲೂ ಸೀಲು ಹೊಡೆದ ಪ್ರತಿಗಳಿವೆ. ನನ್ನ ಕಾರ್ಮಿಕರು ಏನು ಕೇಳುತ್ತಿದ್ದಾರೆ ಅಂತ ನಾನೂ ಅವರನ್ನು ಕೂರಿಸಿಕೊಂಡು ಕೇಳಿಲ್ಲ. ಈ ಶನಿವಾರ ಕೇಳುತ್ತೇನೆ.

ಆವಕ ಜಾವಕ, ಗದಗ

ಕುಸುಗಲ್ ರೋಡ್ ತಮ್ಮ ದಾರಿ ಕೇಳಿದ್ದ. ನನಗೆ ಗೊತ್ತಿರುವ ದಾರಿ ಚಿಕ್ಕದು, ಆದರೆ ಪುಸ್ತಕದಲ್ಲಿ ಇರುವಂಥದ್ದು.

ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕಾನೂನು ಚೆನ್ನಾಗಿದೆಯೋ ಇಲ್ಲವೋ ಅಂತ ಅದರಲ್ಲಿ ವಾದ ಮಾಡಬೇಡಿ. ಹೀಗೆ ಕೇಳಿ: ಇಂಥ ದಿನ ಕೊಟ್ಟ ಮನವಿಯ ಆವಕ ಸಂಖ್ಯೆ ಏನು, ಯಾವ ದಿನ ಯಾರಿಗೆ ಕಳಿಸಿದಿರಿ, ಜಾವಕ ಸಂಖ್ಯೆ ಏನು, ಅದರ ಮೇಲೆ ಕಡತದಲ್ಲಿ ಬರೆದ ಟಿಪ್ಪಣಿಯ ಪ್ರತಿ ಕೊಡಿ. ಟಿಪ್ಪಣಿಯ ಪ್ರತಿ ಕೇಳುವುದು ಮುಖ್ಯ. ಯಾರೂ ಏನೂ ಬರೆದಿಲ್ಲ ಅಂದರೆ "ಟಿಪ್ಪಣಿ ಇಲ್ಲ" ಅಂತ ಅವರು ಬರೆದು ಸಹಿ ಹಾಕಿ ಕೊಡಬೇಕಾಗುತ್ತದೆ. ನನ್ನ 31 ವರ್ಷದ ಅನುಭವದಲ್ಲಿ ಹೇಳುತ್ತೇನೆ, ಆ ಸಾಲು ಬರೆಯಲು ಯಾವ ಅಧಿಕಾರಿಗೂ ಕೈ ಬರುವುದಿಲ್ಲ. ಅದನ್ನು ಬರೆಯುವ ಮೊದಲು ಮನವಿ ತೆಗೆದು ಓದುತ್ತಾರೆ.

ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ಬೇರೆ ಕಚೇರಿಗೆ ಸೇರಿದ್ದಾದರೆ ಐದು ದಿನದೊಳಗೆ ಅವರೇ ವರ್ಗಾಯಿಸಬೇಕು. ಮನವಿ ಮೇಲೆ ಹೋದಲ್ಲೆಲ್ಲ ಅರ್ಜಿಯೂ ಹಿಂದೆ ಹೋಗಲಿ.

ಹಾವೇರಿ ವಕೀಲೆ

ಕಾಕಾ ಹೇಳಿದ್ದು ಸರಿ. ಕರಡು ನಾನು ಬರೆದುಕೊಡುತ್ತೇನೆ. ದುಡ್ಡು ಬೇಡ.

ತಾರಿಹಾಳ ಟರ್ನರ್, ಹುಬ್ಬಳ್ಳಿ

ಇವತ್ತು ಮೊದಲ ಶಿಫ್ಟ್ ಮುಗಿಸಿ ನಾವು ಮೂವರು ಪೋಸ್ಟ್ ಆಫೀಸಿಗೆ ಹೋಗಿದ್ದೆವು. ನಾಲ್ಕು ಮನವಿಗೆ ನಾಲ್ಕು ಅರ್ಜಿ, 10 ರೂಪಾಯಿಯ ನಾಲ್ಕು ಪೋಸ್ಟಲ್ ಆರ್ಡರ್. ವಕೀಲ ಅಕ್ಕ ಬರೆದ ಕರಡು 112 ಪದ ಇತ್ತು. 2020ರ ಪ್ರತಿಯ ಸೀಲು ಓದಲು ಬರದ ಕಾರಣ ನಮ್ಮ ಹಿರಿಯರು ಅದನ್ನು ಬೆಳಕಿಗೆ ಹಿಡಿದು, ಕನ್ನಡಕ ಮೇಲೆ ಕೆಳಗೆ ಮಾಡಿ, ದಿನಾಂಕ ಒಂದೊಂದೇ ಅಂಕಿ ಹೇಳಿದರು. ನಾನು ಬರೆದುಕೊಂಡೆ. ಸ್ಪೀಡ್ ಪೋಸ್ಟ್ ರಸೀದಿ ನಾಲ್ಕೂ ಅದೇ ಫೈಲಿಗೆ ಪಿನ್ ಮಾಡಿದ್ದೇನೆ.

ಆವಕ ಜಾವಕ, ಗದಗ

ರಸೀದಿಯ ಜೆರಾಕ್ಸ್ ಮಾಡಿಸಿ ಇಡು ತಮ್ಮಾ. ಆ ಕಾಗದದ ಶಾಯಿ ಆರು ತಿಂಗಳಿಗೆ ಹೋಗಿಬಿಡುತ್ತದೆ.